ಮಬ್ಬಿನೊಳಗಿನ ಹರಿಗೋಲು

ಕೃಷ್ಣೆಯ ತೆಂಕಣ ದಡದಲ್ಲಿ ಮುಳ್ಳುಗುಡ್ಡವೆಂಬ ಬೋಳು ಗುಡ್ಡವಿದೆ. ಜಾಲಿ, ಕಳ್ಳಿ ಬಿಟ್ಟರೆ ಅಲ್ಲಿ ಹಸಿರೆಂಬುದೇ ಇಲ್ಲ. ಅದರ ನೆತ್ತಿಯಲ್ಲಿ ಕುರುಬರು ಎಂದೋ ಬಿಟ್ಟುಹೋದ ಒಂದು ಕಲ್ಲಿನ ಕುರಿದೊಡ್ಡಿ. ಪರಮಪೂಜ್ಯ ಶ್ರೀ ಸಹಜಾವಧೂತರು ತಮ್ಮ ಜೀವಿತದ ಬಹುಕಾಲವನ್ನು ಕಳೆದದ್ದು ಆ ದೊಡ್ಡಿಯ ಒಂದು ಮೂಲೆಯಲ್ಲಿ. ಶ್ರೀಗಳವರ ಆಸ್ತಿಯೆಂದರೆ ಒಂದು ಕಂಬಳಿ, ಒಂದು ಸೋರೆಬುರುಡೆ, ಕೂರಲಿಕ್ಕೊಂದು ಚಪ್ಪಡಿ ಕಲ್ಲು. ಮಠ ಕಟ್ಟಿಸಿಕೊಡುತ್ತೇವೆಂದು ಬಂದ ಸಿರಿವಂತರನ್ನು, "ಕುರಿ ತಿರುಗಿ ಬಂದರ ಅವಕ್ಕ ಜಾಗಾ ಬೇಕಲ್ಲಪ್ಪಾ" ಎಂದು ನಗುನಗುತ್ತಲೇ ಸಾಗಹಾಕುತ್ತಿದ್ದರು. ಸುತ್ತಿನ ಹಳ್ಳಿಯವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅಜ್ಜಾರ ಮಹಿಮೆಗಳನ್ನು ಕೇಳುತ್ತಲೇ ಬೆಳೆದವರು ನಾವು. ಈ ಪ್ರಸಂಗವನ್ನು ಮಾತ್ರ ಹಿರಿಯರು ಅಷ್ಟಾಗಿ ಹೇಳುತ್ತಿರಲಿಲ್ಲ. ಇದನ್ನು ಹೇಳಿದರೆ ಊರಿಗೆ ಊರೇ ತಲೆ ತಗ್ಗಿಸಬೇಕಾಗುತ್ತದೆ, ಅದಕ್ಕೇ ಇರಬೇಕು. ನನ್ನನ್ನು ಕೇಳಿದರೆ, ಅಜ್ಜಾರನ್ನು ಅರಿಯಬೇಕೆನ್ನುವವರು ಮೊದಲು ಕೇಳಬೇಕಾದದ್ದು ಇದನ್ನೇ.

ಹೊಳೆಯ ಬಡಗಣ ದಡದಲ್ಲಿ ಕಡವಿನಾಳ ಎಂಬ ಊರು. ಆ ಊರಿನ ಅಂಬಿಗ ಯಮನಪ್ಪ. ಮಾತು ಕಡಿಮೆ, ಆಡಿದರೆ ನೆಟ್ಟಗೆ. ಬಿದಿರು ಹೆಣೆದು, ಚರ್ಮ ಹೊದಿಸಿದ ಅವನ ಹರಿಗೋಲು ಇಲ್ಲದಿದ್ದರೆ ಆ ಊರಿನ ಸಂತೆಯಿಲ್ಲ, ಬೀಗರಿಲ್ಲ, ಆಚೆ ದಡದ ಹೊಲಗಳೂ ಇಲ್ಲ.

ಒಂದು ಆಷಾಢದಲ್ಲಿ ಯಮನಪ್ಪ ತಂಗಿಯನ್ನು ನೋಡಿಬರಲೆಂದು ತೆಂಕಣ ದಡಕ್ಕೆ ಹೋದ. ಅಷ್ಟರಲ್ಲಿ ಹೊಳೆ ಏರಿಬಿಟ್ಟಿತು. ಬೆಳಗಾಗುವಾಗ ನೋಡುತ್ತಾನೆ, ಕೆಂಪು ನೀರು ದಡ ಮೀರಿ ಹರಿಯುತ್ತಿದೆ, ಜಿಟಿಜಿಟಿ ಮಳೆ ಬೇರೆ. ಇನ್ನೇನು ಮಾಡುವುದು, ನೀರಿಳಿಯಲಿ ಎಂದು ಹರಿಗೋಲನ್ನು ಮಗುಚಿ ಹಾಕಿ, ಅದರಡಿಯಲ್ಲೇ ಕಂಬಳಿ ಹೊದ್ದು ಕೂತಿದ್ದ. ಆಗ ಗುಡ್ಡದಿಂದ ಅಜ್ಜಾರು ಇಳಿದು ಬಂದರು.

"ಯಮನಪ್ಪಾ, ಆಚೀ ದಂಡ್ಯಾಗ ಒಂದು ಜೀವ ಕಾಯಾಕತ್ತೈತಿ" ಎಂದರು.

ಕಡವಿನಾಳದ ಶಿದ್ದನಗೌಡರ ತಾಯಿ ನೀಲಮ್ಮನವರು ಹಾಸಿಗೆ ಹಿಡಿದಿದ್ದರು. ಕಡೆಯ ಸಲ ಅಜ್ಜಾರ ಮುಖ ನೋಡಿಯೇ ಕಣ್ಣು ಮುಚ್ಚುತ್ತೇನೆಂಬ ಹಟ ಆ ತಾಯಿಯದು. ಹೊಳೆ ಏರುವ ಮುಂಚೆಯೇ ಗುಡ್ಡಕ್ಕೆ ಸುದ್ದಿ ಮುಟ್ಟಿತ್ತು.

"ಅಜ್ಜಾರ, ಹೊಳಿ ಹೆಂಗೈತಿ ನೋಡ್ರಿ. ಮರದ ದಿಮ್ಮಿ ತೇಲಿ ಬರಾಕತ್ತಾವ. ಒಂದ ಬಡದರ ಹರಿಗೋಲ ಹೋತು."

"ಹೋದರ?"

"ಇಬ್ರೂ ಹೋಗತೀವ್ರಿ."

ಅಜ್ಜಾರು ಒತ್ತಾಯಿಸಲಿಲ್ಲ, ಧೈರ್ಯದ ಮಾತನ್ನೂ ಹೇಳಲಿಲ್ಲ. ಸುಮ್ಮನೆ ಮಳೆಯಲ್ಲಿ ನಿಂತರು. ಯಮನಪ್ಪ ಒಂದು ಗಳಿಗೆ ಹೊಳೆಯನ್ನು ನೋಡಿದ, ಒಂದು ಗಳಿಗೆ ಅಜ್ಜಾರ ಮುಖವನ್ನು ನೋಡಿದ. ಆಮೇಲೆ ಎದ್ದು ಹರಿಗೋಲನ್ನು ನೀರಿಗೆ ತಳ್ಳಿದ.

ಪ್ರವಾಹದಲ್ಲಿ ಹರಿಗೋಲು ಹಾಕುವ ಅಂಬಿಗರದೊಂದು ಕ್ರಮವಿದೆ. ಹುಟ್ಟು ಹಾಕುವವನು ಮೊಣಕಾಲೂರಿ ಬಗ್ಗಿರುತ್ತಾನೆ. ಅವನಿಗೆ ದೂರದ ನೀರು ಕಾಣುವುದಿಲ್ಲ. ಹಾಗಾಗಿ ಇನ್ನೊಬ್ಬರು ನಡುವೆ ಕಾಲು ಅಗಲಿಸಿ ನಿಂತು, ದಿಮ್ಮಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಕೈಯೆತ್ತಿ ತೋರಿಸಬೇಕು. ಯಮನಪ್ಪ ಅಜ್ಜಾರನ್ನೇ ನಿಲ್ಲಿಸಿದ.

"ಕಂಡದ್ದಷ್ಟ ಹೇಳ್ರಿ ಅಜ್ಜಾರ. ಅಂಜಿ ಕಾಣದ್ದು ಹೇಳೀರಿ ಮತ್ತ. ಇಲ್ಲದ ದಿಮ್ಮಿಗೆ ಹರಿಗೋಲ ತಿರುವಿದರ, ಇದ್ದದ್ದು ಬಂದು ಬಡಿತೈತಿ" ಎಂದ.

ನೋಡಿ, ಗುರುವಿಗೇ ಉಪದೇಶ! ಅಜ್ಜಾರು ಶಿಷ್ಯನ ಹಾಗೆ ತಲೆಯಾಡಿಸಿ, "ಆತಪ್ಪಾ" ಎಂದರು.

ಇನ್ನು ಬಡಗಣ ದಡದಲ್ಲಿ ಏನಾಯಿತೆಂಬುದನ್ನು ಕೇಳಿ. ಅಜ್ಜಾರು ಬಂದಾರೇನೋ ಎಂಬ ಆಸೆಯಿಂದ ಊರಿನ ಜನವೆಲ್ಲ ಹರಿಗೋಲು ಹತ್ತಿಳಿಯುವ ಕಡವಿನ ಮೇಲೆ ನೆರೆದಿತ್ತು. ಹೊಳೆಯ ಮೇಲೆ ದಟ್ಟ ಮಬ್ಬು. ಆ ಮಬ್ಬು ಒಂದಿಷ್ಟು ಸರಿದಾಗ ನಡುಹೊಳೆಯಲ್ಲಿ ಬಿಳಿ ಧೋತರದ ಆಕೃತಿಯೊಂದು ನೆಟ್ಟಗೆ ನಿಂತದ್ದು ಕಂಡಿತು, ಬಲಗೈ ಮೇಲೆತ್ತಿತ್ತು. ಕೆಳಗೆ ಕೆಂಪು ನೀರು. ಕೆಸರು ಬಣ್ಣದ ಹರಿಗೋಲಾಗಲಿ, ಒದ್ದೆ ಕಂಬಳಿ ಹೊದ್ದು ಬಗ್ಗಿದ್ದ ಮನುಷ್ಯನಾಗಲಿ ಯಾರ ಕಣ್ಣಿಗೂ ಬೀಳಲಿಲ್ಲ. ಇಂಥ ಹೊಳೆಯಲ್ಲಿ ಹರಿಗೋಲು ಹಾಕುವ ಹುಚ್ಚ ಇದ್ದಾನೆಂದು ಯಾರಾದರೂ ನೆನೆಯಬೇಕಲ್ಲ! ಮತ್ತೆ ಮಬ್ಬು ಮುಚ್ಚಿತು. ಎಷ್ಟೋ ಹೊತ್ತಿನ ಮೇಲೆ ಕೆಳದಿಕ್ಕಿನ ಕಾಲುದಾರಿಯಿಂದ ಅಜ್ಜಾರು ಒದ್ದೆ ಬಟ್ಟೆಯಲ್ಲಿ, ಒಬ್ಬರೇ ನಡೆದು ಬಂದರು.

"ಅಜ್ಜಾರು ನೀರ ಮ್ಯಾಲೆ ನಡದು ಬಂದ್ರು!" ಎಂದು ಮೊದಲು ಕೂಗಿದವರು ಯಾರೋ, ಇವತ್ತಿಗೂ ಗೊತ್ತಿಲ್ಲ. ಒಬ್ಬರು ಕೈಮುಗಿದರು, ಪಕ್ಕದವರು ಅವರನ್ನು ನೋಡಿ ಕೈಮುಗಿದರು, ಅವರ ಪಕ್ಕದವರು ನೆಲಕ್ಕೇ ಬಿದ್ದರು.

ಅಜ್ಜಾರು ಅದೊಂದನ್ನೂ ಗಮನಿಸದೆ ನೆಟ್ಟಗೆ ಗೌಡರ ಮನೆಗೆ ನಡೆದರು. ನೀಲಮ್ಮನವರು ಅವರ ತೊಡೆಯ ಮೇಲೆ ತಲೆಯಿಟ್ಟು, ಸಮಾಧಾನದಿಂದ ಉಸಿರು ಬಿಟ್ಟರು. ಸಾವಿನ ಮನೆ, ಯಾರು ಏನು ಕೇಳಿಯಾರು? ಮರುದಿನ ಬೆಳಗಾಗುತ್ತಲೇ ಅಜ್ಜಾರು ಬಡಗಣ ದಾರಿ ಹಿಡಿದು ದೂರದ ಯಾತ್ರೆಗೆ ಹೊರಟುಹೋದರು. ಊರಲ್ಲಿ ಎದ್ದ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ.

ಯಮನಪ್ಪನಾದರೂ ಎಲ್ಲಿದ್ದ? ಸೆಳವಿಗೆ ಸಿಕ್ಕ ಹರಿಗೋಲು ಊರು ದಾಟಿ, ಬಹಳ ಕೆಳಗೆ ಜಾಲಿಪೊದೆಗೆ ಹೋಗಿ ತಾಗಿ, ಚರ್ಮ ಹರಿದಿತ್ತು. ಅಜ್ಜಾರನ್ನು ಮುಂದೆ ಕಳಿಸಿ, ಅವನು ಅಲ್ಲೇ ಹೊಲಿಗೆ ಹಾಕುತ್ತ ಕೂತ. ಮರುದಿನ ಮಧ್ಯಾಹ್ನ ಹರಿಗೋಲನ್ನು ತಲೆಯ ಮೇಲೆ ಹೊತ್ತು ಊರು ಸೇರುವಾಗ ಅಜ್ಜಾರೂ ಇಲ್ಲ, ಹೊಳೆಯ ನೀರೂ ಇಳಿದಿತ್ತು.

ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕೂತವರು ಮಹಿಮೆಯನ್ನು ಹಾಡಿ ಹೊಗಳುತ್ತಿದ್ದರು. ಕೇಳಿ ಯಮನಪ್ಪನಿಗೆ ನಗು ತಡೆಯಲಾಗಲಿಲ್ಲ. "ಏ, ಏನು ಮಾತ್ರೋ! ಹುಟ್ಟ ಹಾಕಿದಾಂವ ನಾ!" ಎಂದ. ಅವರೂ ನಕ್ಕರು. "ಏ ಯಮನ್ಯಾ, ನೀ ನೀರ ಇಳದ ಮ್ಯಾಲೆ ಈಗ ಬಂದೀದಿ. ನಮಗ ಹೇಳಾಕ ಬಂದ್ಯಾ" ಎಂದರು. ಮೊದಲ ದಿನ ಅದು ಬರೀ ಚೇಷ್ಟೆ.

ಚೇಷ್ಟೆ ಹಾಗೆಯೇ ಉಳಿಯಲಿಲ್ಲ. ಕಡವಿನ ಮೇಲೆ ಶಿದ್ದನಗೌಡರು ಕಲ್ಲಿನ ಕಟ್ಟೆ ಕಟ್ಟಿಸಿದರು. ಹಿಂದಿನ ಗೋಡೆಗೆ ಚಿತ್ರ ಬರೆಸಿದರು. ಅಲೆಗಳ ಮೇಲೆ ಅಜ್ಜಾರು, ಎತ್ತಿದ ಅಭಯಹಸ್ತ. ದಿಮ್ಮಿ ತೋರಿಸಿದ ಕೈ ಅದು, ಪುಣ್ಯಾತ್ಮರೇ! ಆಷಾಢ ಬಂತೆಂದರೆ ಅಲ್ಲಿ ಜಲಪಾದ ಸೇವೆಯೆಂಬ ಪೂಜೆ ಶುರುವಾಯಿತು. ವರ್ಷದಿಂದ ವರ್ಷಕ್ಕೆ ಕಥೆಗೂ ಮೈ ಬಂತು. ಹೆಜ್ಜೆಹೆಜ್ಜೆಗೆ ತಾವರೆ ಅರಳಿತೆಂದ ಒಬ್ಬ. ಆ ದಿನ ಊರಲ್ಲೇ ಇಲ್ಲದ ಇನ್ನೊಬ್ಬ, ತಾವರೆಯ ವಾಸನೆ ಹೇಗಿತ್ತೆಂದು ಹೇಳಿದ.

ಯಮನಪ್ಪ ಮಾತ್ರ, "ಹರಿಗೋಲ ಇತ್ತು" ಎಂದ. ಕೇಳಿದವರಿಗೂ ಅದೇ, ಕೇಳದವರಿಗೂ ಅದೇ.

ಗೌಡರು ಒಮ್ಮೆ ಕರೆಸಿ ಕೂರಿಸಿಕೊಂಡರು. ಕೆಟ್ಟವರಲ್ಲ ಗೌಡರು. ತಾಯಿಯನ್ನು ನೆನೆದರೆ ಕಣ್ಣು ತುಂಬುವ ಮನುಷ್ಯ. "ಯಮನಪ್ಪಾ, ನಮ್ಮವ್ವನ ಸಲುವಾಗಿ ಅಜ್ಜಾರು ನೀರ ಮ್ಯಾಲೆ ನಡದ್ರು. ಅದರಾಗ ನಿನಗೊಂದು ಪಾಲು ಬೇಕೇನು? ದೊಡ್ಡವರ ಹೆಸರಿನ ಸಂಗಾಟ ತನ್ನ ಹೆಸರ ಸೇರಸಬಾರದಪ್ಪಾ" ಎಂದರು, ಬಹಳ ಮೆತ್ತಗೆ. ಅವನಿಗೆ ಆ ಮಾತು ಚುಚ್ಚಿತು. ಪಾಲು ಯಾರಿಗೆ ಬೇಕಿತ್ತು? ಅವನಿಗೆ ಬೇಕಾದದ್ದು ಒಂದೇ, ನಡೆದದ್ದನ್ನು ನಡೆದಿಲ್ಲ ಎನ್ನಬಾರದು.

ಆಮೇಲೆ ಯಾರೂ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ಮನಾದರು, ಅಷ್ಟೇ. ಗುರುದ್ರೋಹಿಯ ಹರಿಗೋಲು ಹತ್ತಿದರೆ ಮುಳುಗುತ್ತದೆಂದು ಎಲ್ಲೋ ಒಂದು ಮಾತು ಹುಟ್ಟಿತು. ಜನ ಅವನ ದಾಯಾದಿ ಹೊಸದಾಗಿ ಮಾಡಿಸಿದ ಹರಿಗೋಲು ಹತ್ತತೊಡಗಿದರು. ಯಮನಪ್ಪ ಕಡವಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಮದುವೆಗೆ ಕರೆದರು, ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ಖಾಲಿ ಉಳಿಯಿತು. ಮಗುಚಿ ಹಾಕಿದ ಹರಿಗೋಲಿನ ಚರ್ಮ ಬಿಸಿಲಿಗೆ ಒಣಗಿ ಸೀಳು ಬಿಡತೊಡಗಿತು. ಅವನು ಅದಕ್ಕೆ ಎಣ್ಣೆ ಸವರುತ್ತ ಒಬ್ಬನೇ ಕೂತಿರುತ್ತಿದ್ದ. ಕೆಲವು ದಿನ ಬಾಯಿಬಿಟ್ಟು ಒಂದು ಮಾತೂ ಆಡದೆ ಹೊತ್ತು ಮುಳುಗುತ್ತಿತ್ತು.

ಮನೆಯಲ್ಲಾದರೂ? ಹೆಂಡತಿ ಕಾಶವ್ವ ಆ ಬೆಳಗ್ಗೆ ಕಡವಿನ ಮೇಲೇ ಇದ್ದವಳು. ಒಂದು ದಿನ ರೊಟ್ಟಿ ತಟ್ಟುತ್ತ, ಅವನ ಕಡೆ ನೋಡದೆ ಹೇಳಿದಳು.

"ಹೂಂ ಅಂದುಬಿಡ್ರಿ. ಒಂದು ಮಾತಿಗೆ ಏನ ಸವಿತೈತಿ ನಿಮ್ಮದು?"

"ನೀನೂ ನೋಡಿದೇನ? ನೀರ ಮ್ಯಾಲೆ ನಡದದ್ದು?"

ಅವಳ ಕೈ ಒಂದು ಚಣ ನಿಂತಿತು. "ನೋಡೀನಿ" ಎಂದಳು.

ಯಮನಪ್ಪನ ಎದೆ ಒಡೆಯಿತು. ಊರೆಲ್ಲ ಒಂದು ತೂಕ, ಕಾಶವ್ವ ಒಂದು ತೂಕ. ಅವಳು ಸುಳ್ಳಾಡುವವಳಲ್ಲ. ಇಷ್ಟು ಜನ ಕಂಡದ್ದು ಸುಳ್ಳು, ತಾನೊಬ್ಬನೇ ಖರೆ, ಹಾಗೆಂದರೆ ಯಾರು ನಂಬುತ್ತಾರೆ? ತಾನೇ ಹೇಗೆ ನಂಬುವುದು? ಅವತ್ತಿನಿಂದ ಅವನೊಳಗೆ ಬೇರೆಯದೇ ಒಂದು ಅಂಜಿಕೆ ಹೊಕ್ಕಿತು. ಆ ಮುಂಜಾನೆಯನ್ನು ನೆನೆಯಲು ಹೋದರೆ, ಹರಿಗೋಲು ಒಮ್ಮೊಮ್ಮೆ ಕಾಣುತ್ತಲೇ ಇರಲಿಲ್ಲ. ಗೋಡೆಯ ಮೇಲಿನ ಚಿತ್ರವೇ ಕಣ್ಣೆದುರು ಬರುತ್ತಿತ್ತು. ಜಾಲಿಪೊದೆಯ ಕೆಳಗೆ ಜ್ವರ ಬಂದು ಮಲಗಿ ಕನಸು ಕಂಡೆನೇನೋ ಅನ್ನಿಸಿತು. ಹುಟ್ಟು ಹಾಕಿ ಹಾಕಿ ಅಂಗೈಗೆ ಬಿದ್ದ ದಡ್ಡನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ದಡ್ಡು ಎಲ್ಲಾ ಅಂಬಿಗರ ಕೈಗೂ ಇರುತ್ತದಲ್ಲ! ಊರು ಕೈಬಿಟ್ಟರೆ ಮನುಷ್ಯ ಹೇಗೋ ಬದುಕುತ್ತಾನೆ. ತನ್ನ ಕಣ್ಣೇ ತನ್ನ ಕೈಬಿಟ್ಟರೆ ಎಲ್ಲಿಗೆ ಹೋಗಬೇಕು? ಅಂಥ ಒಂಟಿತನ ಶತ್ರುವಿಗೂ ಬೇಡ.

ಆ ವರ್ಷದ ಸೇವೆ ಹತ್ತಿರ ಬಂತು. ಗೌಡರು ಹೇಳಿಕಳಿಸಿದರು. ಸೇವೆಯ ದಿನ ಎಲ್ಲರೆದುರು ಕಟ್ಟೆಗೆ ಅಡ್ಡಬಿದ್ದು, ಹರಿಗೋಲು ಇರಲಿಲ್ಲ, ತಪ್ಪಾಯಿತು ಎಂದುಬಿಡಲಿ, ಊರು ಎಲ್ಲ ಮರೆಯುತ್ತದೆ. ಯಮನಪ್ಪ, "ಆತು, ಬರ್ತೀನಿ" ಎಂದ. ಅವನಿಗೂ ಸಾಕಾಗಿತ್ತು.

ಸೇವೆಯ ದಿನ ಬೆಳಗ್ಗೆ ಮೈ ತೊಳೆಯಲು ಹೊಳೆಗಿಳಿದ. ಮಳೆ ಹಿಂದಾಗಿತ್ತು, ಹೊಳೆ ತಿಳಿಯಾಗಿ, ಶಾಂತವಾಗಿ ಹರಿಯುತ್ತಿತ್ತು. ತಲೆಯೆತ್ತಿ ನೋಡಿದರೆ ಮುಳ್ಳುಗುಡ್ಡದ ನೆತ್ತಿಯಿಂದ ಸಣ್ಣಗೆ ಹೊಗೆ ಏಳುತ್ತಿದೆ! ಎಷ್ಟೋ ವರ್ಷದಿಂದ ತಣ್ಣಗಿದ್ದ ಒಲೆ ಅದು. ಊರಿನವರು ಅಜ್ಜಾರ ಚಿತ್ರಕ್ಕೆ ಹೂವು ಏರಿಸುವ ಗಡಿಬಿಡಿಯಲ್ಲಿದ್ದರು, ಅಜ್ಜಾರ ಗುಡ್ಡದ ಕಡೆ ಯಾರೂ ನೋಡಿರಲಿಲ್ಲ. ಯಮನಪ್ಪ ಹರಿಗೋಲನ್ನು ನೀರಿಗೆ ತಳ್ಳಿದ. ಕಟ್ಟೆಯ ಮೇಲಿನವರು, "ಓಡಿ ಹೊಂಟ ನೋಡ್ರಿ" ಎಂದದ್ದು ಅವನ ಕಿವಿಗೂ ಬಿತ್ತು.

ಅಜ್ಜಾರು ದೊಡ್ಡಿಯೊಳಗೆ ಅಂಬಲಿ ಕಾಯಿಸುತ್ತ ಕೂತಿದ್ದರು. ಮುಪ್ಪಾಗಿದ್ದರು, ಯಾತ್ರೆಯಲ್ಲಿ ಬಹಳ ಸೊರಗಿದ್ದರು. ಯಮನಪ್ಪ ಪಾದಕ್ಕೆ ಬಿದ್ದವನು ಏಳಲೇ ಇಲ್ಲ. ಬಿದ್ದಲ್ಲಿಂದಲೇ ನಡೆದದ್ದನ್ನೆಲ್ಲ ಅಳುತ್ತ ಹೇಳಿದ. ಕಟ್ಟೆ, ಚಿತ್ರ, ಖಾಲಿ ಎಲೆ, ಕಾಶವ್ವನ ಮಾತು, ಯಾವುದನ್ನೂ ಬಿಡಲಿಲ್ಲ.  ಕಡೆಗೆ ಅವನು ಮುಖವೆತ್ತಿ,

"ಅಜ್ಜಾರ, ನನಗ ಊರು ಬ್ಯಾಡ, ಏನೂ ಬ್ಯಾಡ. ಒಂದ ಮಾತು ಹೇಳ್ರಿ. ಅವತ್ತು ಹರಿಗೋಲ ಇತ್ತೋ ಇಲ್ಲೋ? ನೀವು ಹೇಳಿದ್ದ ನನಗ ಖರೆ" ಎಂದ.

ಅಜ್ಜಾರು ಅವನನ್ನು ದಿಟ್ಟಿಸಿ ನೋಡಿ ಕೇಳಿದರು. "ನಾನೂ ಇಲ್ಲ ಅಂದರ?"

 ಯಮನಪ್ಪನಿಗೆ ಇದ್ದದ್ದೊಂದೇ ಆಸರೆ, ಅದೂ ಜಾರುತ್ತಿದೆ. ಅವನು ಕಣ್ಣು ಮುಚ್ಚಿದ. ಒಲೆಯಲ್ಲಿ ಜಾಲಿಕಟ್ಟಿಗೆ ಚಟಚಟ ಎನ್ನುತ್ತಿತ್ತು.  ಆ ಮುಂಜಾನೆಯ ನೀರಿನ ಸದ್ದು ಮೆಲ್ಲಗೆ ಕಿವಿಗೆ ಮರಳಿತು. ಮೊಣಕಾಲಿಗೆ ಒತ್ತಿದ ಬಿದಿರಿನ ಗಂಟು ನೆನಪಾಯಿತು, ಕಂಬಳಿಯಿಂದ ಕಣ್ಣಿಗಿಳಿದ ತಣ್ಣೀರೂ ನೆನಪಾಯಿತು. ಅವನು ಕಣ್ಣು ತೆರೆದ.

"ತಪ್ಪಾದರ ಹೊಟ್ಟ್ಯಾಗ ಹಾಕೋರಿ ಅಜ್ಜಾರ. ನೀವ ಇಲ್ಲ ಅಂದರೂ... ಹರಿಗೋಲ ಇತ್ರಿ."

ಅಜ್ಜಾರ ಮುಖ ಅರಳಿತು. ಎದ್ದು ಬಂದು, ಅವನ ಎರಡೂ ಕೈಗಳನ್ನು ಹಿಡಿದುಕೊಂಡರು.

"ಕಂಡದ್ದಷ್ಟ ಹೇಳು ಅಂತ ನನಗ ಕಲಿಸಿದಾಂವ ನೀನ. ಮತ್ತ ನನ್ನ ಯಾಕ ಕೇಳತೀ? ನಡಿ, ಹುಟ್ಟ ತಗೋ."

ಕಡವಿನ ಮೇಲೆ ಡೊಳ್ಳು, ಭಜನೆ ಜೋರಾಗಿ ನಡೆದಿತ್ತು. ಹೊಳೆಯ ನಡುವೆ ಹರಿಗೋಲು ಕಂಡಿತು, ಅದರಲ್ಲಿ ಅಜ್ಜಾರು ಕಂಡರು. ಡೊಳ್ಳು ತಾನಾಗಿಯೇ ನಿಂತಿತು. ಬಿಸಿಲು ಚೆನ್ನಾಗಿತ್ತು, ಮಬ್ಬಿನ ಸುಳಿವೂ ಇರಲಿಲ್ಲ. ಹರಿಗೋಲು, ಹುಟ್ಟು, ಹುಟ್ಟು ಹಾಕುವವನು, ಎಲ್ಲವೂ ಎಲ್ಲರಿಗೂ ಕಾಣುತ್ತಿತ್ತು. ಅಜ್ಜಾರು ಯಮನಪ್ಪನ ಭುಜ ಹಿಡಿದು ದಡಕ್ಕಿಳಿದರು. ಹೂವಿನ ರಾಶಿಯನ್ನೂ ಗೋಡೆಯ ಚಿತ್ರವನ್ನೂ ಒಮ್ಮೆ ನೋಡಿದರು. ಯಾರನ್ನೂ ಬೈಯಲಿಲ್ಲ.

"ಅವತ್ತು ಏನು ನೋಡಿದ್ರಿ? ಕಂಡದ್ದಷ್ಟ ಹೇಳ್ರಿ" ಎಂದರು.

 ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಹೆಂಗಸರ ಗುಂಪಿನಿಂದ ಒಂದು ದನಿ ಬಂತು. ಕಾಶವ್ವ.

"ನಾ ಮಬ್ಬು ನೋಡಿದ್ನಿರಿ ಅಜ್ಜಾರ. ಮಬ್ಬಿನಾಗ ಬೆಳ್ಳಗ ಏನೋ ಕಂಡ್ತು. ಬಾಜೂದಕಿ ಕೈಮುಗದ್ಲು, ನಾನೂ ಮುಗದ್ನಿ. ಎಲ್ಲಾರೂ ನೋಡೀವಿ ಅಂದ್ರು. ನನಗಷ್ಟ ಕಾಣಲಿಲ್ಲ ಅಂದರ ನನ್ನ ಪಾಪಾನ ದೊಡ್ಡದು ಅನ್ನಾರಲ್ಲ ಅಂತ ಅಂಜಿದ್ನಿ..." ಎನ್ನುವಷ್ಟರಲ್ಲಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನಗೂ ಮಬ್ಬ ಕಂಡದ್ದು" ಎಂದ ಹಿಂದಿನಿಂದ ಒಬ್ಬ ಮುದುಕ. "ನನಗೂ" ಎಂದಿತು ಇನ್ನೊಂದು ದನಿ. ಪ್ರತಿಯೊಬ್ಬರೂ ಇಷ್ಟು ವರ್ಷ, ತಮಗೊಬ್ಬರಿಗೇ ಕಂಡಿಲ್ಲವೆಂದು ಒಳಗೊಳಗೇ ಬೆಂದವರೇ. ಏನು ಹೇಳೋಣ! ಆ ಊರಲ್ಲಿ ಒಂಟಿಯಾಗಿದ್ದವನು ಯಮನಪ್ಪನೊಬ್ಬನೇ ಅಲ್ಲ ಎಂಬುದು ಅವತ್ತು ಬಯಲಾಯಿತು.

ಶಿದ್ದನಗೌಡರು ಮಾತ್ರ ಮಗುವಿನ ಹಾಗೆ ಅಳುತ್ತಿದ್ದರು. "ಹಂಗಾದರ ನಮ್ಮವ್ವನ ಸಲುವಾಗಿ ಏನೂ ಪವಾಡ ನಡೀಲಿಲ್ಲೇನ್ರಿ ಅಜ್ಜಾರ? ಬರೇ ಹರಿಗೋಲಾಗ ಬಂದ್ರೇನು?"

ಅಜ್ಜಾರು ಗೌಡರ ತಲೆಯ ಮೇಲೆ ಕೈಯಿಟ್ಟರು. ಅವರು ಆಡಿದ ಮಾತು ಇಷ್ಟೇ.

"ನೀರ ಮ್ಯಾಲೆ ನಡಿಯಾಂವಗ ಮುಳುಗೋ ಅಂಜಿಕಿ ಇಲ್ಲಪ್ಪಾ. ಇಂವಗ ಇತ್ತು. ಇಬ್ರೂ ಹೋಗತೀವಿ ಅಂತ ಗೊತ್ತಿದ್ದೂ ಬಂದ."

 ಗೌಡರು ತಿರುಗಿ ಯಮನಪ್ಪನ ಮುಂದೆ ಕೈಜೋಡಿಸಿದರು.  ಯಮನಪ್ಪ ಗಾಬರಿಯಾಗಿ, "ಬ್ಯಾಡ್ರಿ ಗೌಡ್ರ, ಬ್ಯಾಡ್ರಿ" ಎಂದು ಅವರ ಕೈ ಹಿಡಿದುಕೊಂಡ. ಆ ಮೇಲೆ ಅವನೂ ಅತ್ತ. ಸಂಜೆಗೆ ಗುಡ್ಡಕ್ಕೆ ಮರಳಲು ಅಜ್ಜಾರು ಅವನ ಹರಿಗೋಲನ್ನೇ ಹತ್ತಿದರು. 

ಗೋಡೆಯ ಚಿತ್ರವನ್ನು ಅಳಿಸಲಿಲ್ಲ. ಅಜ್ಜಾರ ಕಾಲಡಿಯಲ್ಲಿ ಒಂದು ಹರಿಗೋಲನ್ನೂ, ಕಂಬಳಿ ಹೊದ್ದು ಬಗ್ಗಿದ ಒಬ್ಬ ಮನುಷ್ಯನನ್ನೂ ಗೌಡರು ಬರೆಸಿದರು. ಮುಖವನ್ನೂ ಬರೆಸುತ್ತೇನೆಂದರಂತೆ. "ಅವತ್ತು ಮಾರಿ ಕಂಡಿದ್ದಿಲ್ಲಲ್ರಿ, ಬ್ಯಾಡ್ರಿ" ಎಂದ ಯಮನಪ್ಪ.

ಜನ ಮತ್ತೆ ಅವನ ಹರಿಗೋಲಿಗೆ ಬಂದರು, ಪಂಕ್ತಿಯಲ್ಲಿ ಪಕ್ಕಕ್ಕೆ ಕೂತರು. ಕಳೆದ ವರ್ಷಗಳು ತಿರುಗಿ ಬರಲಿಲ್ಲ. ಎಷ್ಟೇ ಗದ್ದಲವಿರಲಿ, ನಡುನಡುವೆ ಅವನು ಅಂಗೈಯನ್ನು ಸವರಿಕೊಳ್ಳುವುದು ಕೊನೆಯವರೆಗೂ ಹೋಗಲಿಲ್ಲ. ಆದರೆ ಮನುಷ್ಯ ಮೊದಲಿನ ಯಮನಪ್ಪನಾಗಿ ಉಳಿದಿರಲಿಲ್ಲ. ಯಾರಾದರೂ ಹೊಸ ಸುದ್ದಿ ತಂದು ನಂಬು ಎಂದರೆ ಜಗಳವಾಡುತ್ತಿರಲಿಲ್ಲ, ಹೂಂ ಎಂದೂ ಅನ್ನುತ್ತಿರಲಿಲ್ಲ. "ನೀವು ಕಂಡೀರೇನು?" ಎಂದು ಮೆಲ್ಲಗೆ ಕೇಳುತ್ತಿದ್ದ. ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಿದ್ದ.

ಜನ ಜನವೇ ತಾನೆ! ಅಜ್ಜಾರು ಲಿಂಗೈಕ್ಯರಾದ ಮೇಲೆ ಕಡವಿನಾಳದಲ್ಲಿ ಇನ್ನೊಂದು ಮಾತು ಹುಟ್ಟಿತು. ಗುರುಪಾದ ಸೋಕಿದ ಯಮನಪ್ಪನ ಹರಿಗೋಲು ಎಂಥ ಹೊಳೆಯಲ್ಲೂ ಮುಳುಗುವುದಿಲ್ಲವಂತೆ. ದೂರದೂರದಿಂದ ಜನ ಅದನ್ನು ಮುಟ್ಟಿ ನಮಸ್ಕರಿಸಲು ಬರತೊಡಗಿದರು. ಒಬ್ಬ ಭಕ್ತ ಕೈಜೋಡಿಸಿ, "ಇದು ಮುಳುಗೂದ ಇಲ್ಲಂತ, ಹೌದೇನ್ರಿ ಯಜಮಾನ್ರ?" ಎಂದು ಕೇಳಿದ.

ಮುದುಕ ಯಮನಪ್ಪ ಎಣ್ಣೆಯ ಕೈಯನ್ನು ಚರ್ಮದ ಮೇಲೆ ಆಡಿಸುತ್ತ, ಗುಡ್ಡದ ಕಡೆ ಒಮ್ಮೆ ನೋಡಿದ.

"ತೂತು ಬಿದ್ದರ ಮುಳುಗತೈತ್ರಿ" ಎಂದ. "ಹತ್ರಿ, ದಾಟಸ್ತೀನಿ."